ಡಯಲಿಗೊಪ್ಪುವ ಮಷೀನು ಹುಡುಕಿದ ಐದು ತಿಂಗಳು

ಮೊನ್ನೆ ಶನಿವಾರ ಸಂಜೆ ನನ್ನ ಕೈಗಡಿಯಾರ ಮನೆಗೆ ಬಂತು. ಜುಲೈ ಮೊದಲ ವಾರದಲ್ಲಿ ನಿಂತದ್ದು ಡಿಸೆಂಬರ್ ಮೊದಲ ವಾರದಲ್ಲಿ ಮತ್ತೆ ಓಡುತ್ತಿದೆ. ಈ ಐದು ತಿಂಗಳಲ್ಲಿ ಯಾರನ್ನು ಏನು ಕೇಳಬೇಕು ಎಂಬುದೇ ತಿಳಿಯದೆ ನಾನು ಎಷ್ಟೋ ದಿನ ಕಳೆದೆ. ರಸೀದಿಗಳು ಇನ್ನೂ ಮೇಜಿನ ಮೇಲಿವೆ, ಮಾತುಗಳು ಇನ್ನೂ ಕಿವಿಯಲ್ಲಿವೆ. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

2009ರಲ್ಲಿ ಶಿವಮೊಗ್ಗದ ಕಾಲೇಜೊಂದರಲ್ಲಿ ನನಗೆ ಕೆಲಸ ಸಿಕ್ಕಾಗ ಅಕ್ಕ ಮಸ್ಕತ್‌ನಿಂದ ಈ ಗಡಿಯಾರ ತಂದುಕೊಟ್ಟಿದ್ದಳು. ಅವಳು ಅಲ್ಲಿ ನರ್ಸ್. ಸ್ವಿಸ್ ಆಟೋಮ್ಯಾಟಿಕ್, ಕಪ್ಪು ಡಯಲ್, ಮೂರು ಗಂಟೆಯ ಜಾಗದಲ್ಲಿ ತಾರೀಖಿನ ಕಿಟಕಿ. ಕತ್ತಲಲ್ಲಿ ಹೊಳೆಯಲೆಂದು ಗಂಟೆಯ ಗುರುತುಗಳಿಗೆ ಹಚ್ಚಿದ್ದ ಬಿಳಿ ಲೇಪ ವರ್ಷಗಳು ಕಳೆದಂತೆ ಕಾಯಿಸಿದ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದೆ. ನನಗೆ ಆ ಬಣ್ಣ ತುಂಬಾ ಇಷ್ಟ. ಇದನ್ನು ಮೊದಲೇ ಹೇಳಲು ಕಾರಣವಿದೆ: ಮುಂದೆ ನಾನು ತೆಗೆದುಕೊಂಡ ಎಲ್ಲ ನಿರ್ಧಾರಗಳೂ ಈ ಡಯಲನ್ನು ಉಳಿಸಿಕೊಳ್ಳಲೆಂದೇ ತೆಗೆದುಕೊಂಡವು.

ಜೂನ್‌ಗೆ ಮೂವತ್ತೇ ದಿನ. ಜುಲೈ ಒಂದರ ಬೆಳಿಗ್ಗೆ ಗಡಿಯಾರ 31 ಎಂದು ತೋರಿಸುತ್ತಿತ್ತು. ಕವಚದ ಪಕ್ಕದಲ್ಲಿ ತಿರುಪಿನಂತೆ ಬಿಗಿಯುವ ಕೀಲಿಯನ್ನು, ಅಂದರೆ ತಿರುಪು ಕೀಲಿಯನ್ನು, ಬಿಚ್ಚಿ ತಾರೀಖು ಸರಿಮಾಡಿದೆ, ಮತ್ತೆ ತಿರುಗಿಸಿ ಬಿಗಿ ಮಾಡಲು ಮರೆತೆ. ಅದೇ ವಾರ ಆಗುಂಬೆಗೆ ಹೋಗಿದ್ದೆವು. ಅಲ್ಲಿಯ ಜುಲೈ ಮಳೆ ಹೇಗಿರುತ್ತದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಗಾಜಿನ ಒಳಬದಿಯಲ್ಲಿ ಮಂಜು ಕಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಸೆಕೆಂಡಿನ ಮುಳ್ಳು ನಿಂತಿತು.

ಆಗ ನಾನು ಮಾಡಿದ ದೊಡ್ಡ ತಪ್ಪೆಂದರೆ, ಗಡಿಯಾರವನ್ನು ಅಕ್ಕಿ ಡಬ್ಬಿಯಲ್ಲಿ ಹೂತು ನಾಲ್ಕು ದಿನ ಕಾದದ್ದು. ಮುಚ್ಚಿದ ಉಕ್ಕಿನ ಕವಚದೊಳಗಿನ ನೀರನ್ನು ಅಕ್ಕಿ ಹೀರುವುದಿಲ್ಲ, ಆ ನಾಲ್ಕು ದಿನ ತುಕ್ಕಿಗೆ ಸಮಯ ಕೊಟ್ಟಂತಾಯಿತು ಅಷ್ಟೆ. ನಿಮ್ಮ ಗಡಿಯಾರದೊಳಗೆ ನೀರು ಕಂಡರೆ ಅಂದೇ, ಸಾಧ್ಯವಾದರೆ ಕೆಲವೇ ಗಂಟೆಗಳಲ್ಲಿ, ಯಾರಾದರೂ ನುರಿತವರ ಬಳಿ ಹಿಂಬದಿಯ ಮುಚ್ಚಳ ತೆಗೆಸಿ ಒಣಗಿಸಿ. ನಾನು ಹಾಗೆ ಮಾಡಿದ್ದರೆ ಬಹುಶಃ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ.

ಊರಿನ ರಿಪೇರಿ ಅಂಗಡಿಯಲ್ಲಿ ಮುಚ್ಚಳ ತೆರೆದಾಗ ಕೀಲಿಯ ಕಡ್ಡಿಯ ಸುತ್ತ ಕಂದು ಪುಡಿ ಕಾಣಿಸಿತು. ಒಣಗಿಸಿದ್ದಕ್ಕೆ 300 ರೂಪಾಯಿ ತೆಗೆದುಕೊಂಡ ಅಂಗಡಿಯವರು, "ಮಷೀನು ಹೋಯಿತು ಸರ್, 6,500ಕ್ಕೆ ಜಪಾನಿನ ಹೊಸ ಮಷೀನು ಕೂರಿಸಿಕೊಡುತ್ತೇನೆ" ಎಂದರು. ಗಡಿಯಾರದ ಒಳಗಿನ ಇಡೀ ಯಂತ್ರವನ್ನು ಅಂಗಡಿಯವರು ಮಷೀನು ಎನ್ನುತ್ತಾರೆ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಅವರು ಹೇಳಿದ್ದು ಸೈಕೊ ಗುಂಪಿನ ಎನ್‌ಎಚ್ 35. ಒಳ್ಳೆಯ, ಗಟ್ಟಿಮುಟ್ಟಾದ ಮಷೀನು, ಬೆಲೆಯೂ ಕಡಿಮೆ. ಒಪ್ಪಿಯೇಬಿಡುತ್ತಿದ್ದೆ. ಆದರೆ ಅವರು ಮಾತಿನ ನಡುವೆ, "ಡಯಲಿನ ಕಾಲು ಎರಡನ್ನೂ ಕತ್ತರಿಸಿ ಅಂಟಿನಿಂದ ಕೂರಿಸಬೇಕಾಗುತ್ತದೆ" ಎಂದರು. ಕತ್ತರಿಸಿದ ಕಾಲನ್ನು ಮತ್ತೆ ಹಚ್ಚಬಹುದೇ ಎಂದು ಕೇಳಿದೆ. ಆಗದು ಎಂದು ಅವರು ತಲೆಯಾಡಿಸಿದರು. ಗಡಿಯಾರ ವಾಪಸು ತೆಗೆದುಕೊಂಡು ಬಂದೆ.

ಡಯಲಿಗೆ ಕಾಲುಗಳಿರುತ್ತವೆ ಎಂಬುದೇ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಡಯಲಿನ ಹಿಂಭಾಗದಲ್ಲಿ ತೆಳ್ಳನೆಯ ಎರಡು ಪುಟ್ಟ ಕಂಬಿಗಳಿರುತ್ತವೆ. ಮಷೀನಿನಲ್ಲಿ ಅವುಗಳಿಗೆಂದೇ ಎರಡು ತೂತುಗಳು. ಕಾಲು ತೂತಿಗೆ ಇಳಿದರೆ ಮಾತ್ರ ತಾರೀಖಿನ ಕಿಟಕಿಯ ಕೆಳಗೆ ಅಂಕಿ ನೇರವಾಗಿ ಕೂರುತ್ತದೆ, ಮುಳ್ಳುಗಳ ಕಂಬ ಡಯಲಿನ ನಟ್ಟನಡುವೆ ಬರುತ್ತದೆ. ಮಷೀನಿನ ಮಾದರಿ ಬದಲಾದರೆ ಸಾಮಾನ್ಯವಾಗಿ ಈ ತೂತುಗಳ ಜಾಗವೂ ಬೇರೆ. ಹೊಸ ಮಷೀನು ಹುಡುಕುವವರು ಎಷ್ಟು ಜ್ಯೂವೆಲ್ (ಚಕ್ರಗಳ ತುದಿ ಸವೆಯದಂತೆ ಕೂರಿಸುವ ಹರಳು), ಎಷ್ಟು ವೇಗ ಎಂದು ನೋಡುವುದಕ್ಕೆ ಮೊದಲು ತಮ್ಮ ಡಯಲಿನ ಕಾಲು ಎಲ್ಲಿವೆ ಎಂದು ನೋಡಬೇಕು. ಹಳೆಯ ಡಯಲ್, ಹಳೆಯ ಮುಳ್ಳು, ಹಳೆಯ ಕವಚ ಮೂರನ್ನೂ ಉಳಿಸಿಕೊಳ್ಳಬೇಕೆಂದರೆ ಆಯ್ಕೆ ನಿಮ್ಮ ಕೈಯಲ್ಲಿ ಇರುವುದು ತೀರಾ ಕಡಿಮೆ.

ಆಗಸ್ಟ್‌ನಲ್ಲಿ ಬೆಂಗಳೂರಿನ ಅಧಿಕೃತ ಸೇವಾ ಕೇಂದ್ರಕ್ಕೆ ಹೋದೆ. ಖರೀದಿಯ ರಸೀದಿ ಅಕ್ಕನ ಬಳಿಯೂ ಇರಲಿಲ್ಲ. ಅದೃಷ್ಟಕ್ಕೆ ಗ್ಯಾರಂಟಿ ಕಾರ್ಡು ಪೆಟ್ಟಿಗೆಯಲ್ಲಿತ್ತು. ಪರಿಶೀಲನಾ ಶುಲ್ಕ ತೆರಿಗೆ ಸೇರಿ 1,180 ರೂಪಾಯಿ. ಮೂರು ವಾರದ ನಂತರ ಅಂದಾಜು ಪತ್ರ ಬಂತು: ಮಷೀನು, ಡಯಲ್, ಮುಳ್ಳುಗಳ ಬದಲಾವಣೆ ಸೇರಿ 41,300. ಡಯಲ್ ಏಕೆ ಎಂದು ಫೋನಿನಲ್ಲಿ ಕೇಳಿದರೆ, ಲೇಪ ಬಣ್ಣ ಕಳೆದುಕೊಂಡಿದೆ, ನಿಯಮದ ಪ್ರಕಾರ ಬದಲಿಸಲೇಬೇಕು ಎಂದರು. ಹಳೆಯ ಭಾಗಗಳನ್ನು ಮರಳಿ ಕೊಡುವುದಿಲ್ಲ ಎಂಬುದು ಪತ್ರದ ಕೆಳಗೆ ಚಿಕ್ಕ ಅಕ್ಷರದಲ್ಲಿತ್ತು. ದಯವಿಟ್ಟು ಆ ಚಿಕ್ಕ ಅಕ್ಷರಗಳನ್ನು ಓದಿ. ಅವರ ಕೆಲಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹೊಸದರಂತೆ ಆಗಬೇಕೆಂದು ಬಯಸುವವರಿಗೆ ಅದೇ ಸರಿಯಾದ ದಾರಿ. ನನಗೆ ಬೇಕಾದದ್ದು ಅಕ್ಕ ಕೊಟ್ಟ ಗಡಿಯಾರ. ಅಂದಾಜಿಗೆ ಒಪ್ಪಿಗೆಯಿಲ್ಲ ಎಂದು ಬರೆದುಕೊಟ್ಟು ವಾಪಸು ಪಡೆಯಲು ಇನ್ನೂ ಒಂಬತ್ತು ದಿನ ಹಿಡಿಯಿತು.

ಸಹೋದ್ಯೋಗಿಯೊಬ್ಬರ ಮೂಲಕ ಜಾಲಹಳ್ಳಿಯ ಹತ್ತಿರದ ಒಬ್ಬ ಹಿರಿಯರ ಪರಿಚಯವಾಯಿತು. ಎಚ್‌ಎಂಟಿಯ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿಸಿ ಒಂದು ಮೇಜು, ಅದರ ಮೇಲೆ ಗಾಜಿನ ಗುಮ್ಮಟಗಳು, ಚಿಮುಟಗಳು, ಎಣ್ಣೆಯ ಪುಟ್ಟ ಬಟ್ಟಲುಗಳು. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಬಿಚ್ಚಿದರು. ಹಿಂದಕ್ಕೂ ಮುಂದಕ್ಕೂ ಆಡುತ್ತಾ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರದ ಕೆಳಗೆ, ತಳದ ಫಲಕದಲ್ಲಿ ಕೊರೆದಿದ್ದ ಅಂಕಿಯನ್ನು ಭೂತಗನ್ನಡಿಯಲ್ಲಿ ತೋರಿಸಿದರು: ಇಟಿಎ 2824-2, ಅಂದರೆ ಇಟಿಎ ಎಂಬ ಸ್ವಿಸ್ ಸಂಸ್ಥೆಯ ಮಷೀನು. ನಿಮ್ಮ ಗಡಿಯಾರದಲ್ಲಿ ಯಾವ ಮಷೀನಿದೆ ಎಂದು ತಿಳಿಯಲು ಅಲ್ಲಿಯೇ ನೋಡಬೇಕು. ಕೈ ಅಲ್ಲಾಡಿದಂತೆ ತಿರುಗಿ ಗಡಿಯಾರಕ್ಕೆ ತಾನೇ ಕೀಲಿ ಕೊಡುವ ಓಲಾಡುವ ತೂಕದ ಮೇಲೆ ಕಂಪನಿಗಳು ತಮ್ಮ ಹೆಸರನ್ನು ಬರೆಸಿಕೊಳ್ಳುತ್ತವೆ, ಅದನ್ನು ನಂಬಬಾರದು.

ಮೊದಲು ಅವರು ಬದಲಿಸುವ ಮಾತನ್ನೇ ಆಡಲಿಲ್ಲ. ತುಕ್ಕು ಎಲ್ಲೆಲ್ಲಿ ತಲುಪಿದೆ ಎಂದು ಒಂದು ಹಾಳೆಯಲ್ಲಿ ಬರೆಯುತ್ತಾ ಹೋದರು. ಕೀಲಿಯ ಕಡ್ಡಿ, ಅದರ ಸುತ್ತಲಿನ ಸನ್ನೆಗಳು, ತಾರೀಖಿನ ಸ್ಪ್ರಿಂಗು: ಇಷ್ಟೇ ಆಗಿದ್ದರೆ ಬಿಡಿಭಾಗ ಹುಡುಕಿ ಸರಿಮಾಡುತ್ತಿದ್ದೆ ಎಂದರು. ಆದರೆ ಎರಡು ಚಕ್ರಗಳ ಹಲ್ಲುಗಳಲ್ಲಿ, ಕೊನೆಗೆ ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ತೆಳ್ಳನೆಯ ಸುರುಳಿಯಾದ ಹೇರ್‌ಸ್ಪ್ರಿಂಗಿನ ಒಂದು ಸುತ್ತಿನಲ್ಲಿ ಕೂಡ ಕಲೆಯಿತ್ತು. ಹೇರ್‌ಸ್ಪ್ರಿಂಗಿಗೆ ತುಕ್ಕು ತಗುಲಿದರೆ ಉಜ್ಜಿ ತೆಗೆಯುವಂತಿಲ್ಲ, ಉಜ್ಜಿದರೆ ಅದರ ಬಲವೇ ಬದಲಾಗುತ್ತದೆ, ಗಡಿಯಾರ ಎಂದೂ ಸರಿಯಾದ ಸಮಯ ತೋರಿಸುವುದಿಲ್ಲ. ಇಷ್ಟೂ ಭಾಗಗಳನ್ನು ಬಿಡಿಬಿಡಿಯಾಗಿ ಕೊಂಡರೆ ಇಡೀ ಮಷೀನಿನ ಬೆಲೆಯನ್ನು ಮೀರುತ್ತದೆ. ಹಾಗಾಗಿ ಬದಲಾವಣೆ. ಯಾರಾದರೂ ಮುಚ್ಚಳ ತೆರೆದ ಕೂಡಲೇ "ಮಷೀನು ಬದಲಿಸಿ" ಎಂದರೆ, ಯಾವ ಭಾಗ ಕೆಟ್ಟಿದೆ ತೋರಿಸಿ ಎಂದು ಕೇಳಿ. ಸಾಮಾನ್ಯವಾಗಿ ಎಣ್ಣೆ ಒಣಗಿ ನಿಂತ ಗಡಿಯಾರಕ್ಕೆ ಪೂರ್ತಿ ಸರ್ವಿಸ್ ಸಾಕು.

ಯಾವುದನ್ನು ಕೂರಿಸಬಹುದು ಎಂಬ ಮಾತುಕತೆ ಎರಡು ಗಂಟೆ ನಡೆಯಿತು. ನನ್ನ ಪಾಲಿಗೆ ಇಡೀ ಪ್ರಸಂಗದಲ್ಲಿ ಅತ್ಯಂತ ಸಂತೋಷದ ಸಮಯ ಅದು. 2824-2ರ ವ್ಯಾಸ 25.6 ಮಿಲಿಮೀಟರ್, ದಪ್ಪ 4.6. ಸೆಕೆಂಡಿಗೆ ಎಂಟು ಬಡಿತ, ಗಂಟೆಗೆ 28,800. ಇದನ್ನು ಆಧಾರವಾಗಿಟ್ಟುಕೊಂಡು ಒಂದೊಂದನ್ನೇ ತೂಗಿದೆವು.

ಊರಿನಲ್ಲಿ ಹೇಳಿದ ಎನ್‌ಎಚ್ 35ರ ವ್ಯಾಸ 27.4, ದಪ್ಪ 5.32. ನನ್ನ ಕವಚದೊಳಗೆ ಮಷೀನನ್ನು ಹಿಡಿದಿಡುವ ಲೋಹದ ಬಳೆ 25.6ಕ್ಕೆ ಕೊರೆದದ್ದು. ಬಳೆಯನ್ನು ಕೊರೆದು ಅಗಲಿಸಿದರೂ ದಪ್ಪ ಎಲ್ಲಿಗೆ ಹೋಗಬೇಕು? ಓಲಾಡುವ ತೂಕ ಹಿಂಬದಿಯ ಮುಚ್ಚಳಕ್ಕೆ ಉಜ್ಜುತ್ತದೆ. ಕೀಲಿಯ ಕಡ್ಡಿ ಹೊರಬರುವ ಎತ್ತರವೂ ಬೇರೆಯಾದ್ದರಿಂದ ಕವಚದ ತೂತಿಗೆ ಅದು ಓರೆಯಾಗಿ ಬರುತ್ತದೆ, ನೀರು ತಡೆಯುವ ಗ್ಯಾಸ್ಕೆಟ್ ಬೇಗ ಸವೆಯುತ್ತದೆ. ಸೆಕೆಂಡಿನ ಮುಳ್ಳಿನ ತೂತು ನನ್ನದರಲ್ಲಿ 0.25 ಮಿಲಿಮೀಟರ್, ಸೈಕೊದ ಕಂಬ 0.20. ಮುಳ್ಳು ಸಡಿಲವಾಗಿ ಜಾರುತ್ತದೆ. ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಒಂದು ಗಡಿಯಾರವನ್ನು ಕೆಡಿಸಬಲ್ಲದು ಎಂದು ನಾನು ಅಂದು ತಿಳಿದೆ.

ನಂತರ ಮಿಯೋಟಾ 9015. ಈ ಹೆಸರು ಬಂದಾಗ ಹಿರಿಯರ ಮುಖ ಅರಳಿತು. ಮಿಯೋಟಾ ಸಿಟಿಜನ್ ಬಳಗದ್ದು, 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಗೆ ಗಡಿಯಾರ ಮಾಡುವುದನ್ನು ಕಲಿಸಿದ್ದು ಅದೇ ಸಿಟಿಜನ್. "ನಮ್ಮ ಗುರುಮನೆಯ ಮಷೀನು" ಎಂದರು. ಕೇವಲ 3.9 ಮಿಲಿಮೀಟರ್ ದಪ್ಪ, ಬಡಿತವೂ ಇಟಿಎದಷ್ಟೇ. ಹೊಸ ಗಡಿಯಾರ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯದು ಕಡಿಮೆ ಎಂದರು. ಆದರೆ ನನಗೆ? ಕಾಲುಗಳ ಜಾಗ ಬೇರೆ, ಮುಳ್ಳುಗಳ ಅಳತೆ ಬೇರೆ, ವ್ಯಾಸ 26. ಗುರುಮನೆಯದ್ದನ್ನೂ ಮನಸ್ಸಿಲ್ಲದ ಮನಸ್ಸಿನಿಂದ ಬದಿಗಿಟ್ಟರು.

ಉಳಿದದ್ದು ಮೂರು ದಾರಿ: ಹೊಸ ಇಟಿಎ, ಸೆಲಿಟಾ ಎಸ್‌ಡಬ್ಲ್ಯು 200-1, ಅಥವಾ ಚೀನಾದಲ್ಲಿ ತಯಾರಾಗುವ ಪ್ರತಿರೂಪಗಳು. ಇಟಿಎ ಸ್ವಾಚ್ ಗುಂಪಿನ ಸಂಸ್ಥೆ. ಹೊರಗಿನವರಿಗೆ ಮಷೀನು ಮಾರುವುದನ್ನು ಆ ಗುಂಪು ವರ್ಷಗಳಿಂದ ಕಡಿಮೆ ಮಾಡುತ್ತಾ ಬಂದಿದೆ, ಸ್ವಿಟ್ಜರ್ಲೆಂಡಿನ ಸ್ಪರ್ಧಾ ಆಯೋಗದವರೆಗೂ ಆ ವಿಷಯ ಹೋಗಿತ್ತು. ಹಾಗಾಗಿ ಬಿಡಿ ಗಿರಾಕಿಗೆ ಸಿಗುವುದು ಹಳೆಯ ದಾಸ್ತಾನು, ಅದಕ್ಕೆ ಬೆಲೆ ಹೆಚ್ಚು. ಸೆಲಿಟಾ 1950ರಿಂದ ಲಾ ಶೋ-ದ-ಫೋಂ ಊರಿನಲ್ಲಿರುವ ಸಂಸ್ಥೆ. ಒಂದು ಕಾಲದಲ್ಲಿ ಇಟಿಎ ಮಷೀನುಗಳನ್ನೇ ಜೋಡಿಸುತ್ತಿತ್ತು, ವಿನ್ಯಾಸದ ಪೇಟೆಂಟ್ ಅವಧಿ ಮುಗಿದ ಮೇಲೆ ಅದೇ ಅಳತೆಯಲ್ಲಿ ತನ್ನದನ್ನು ಮಾಡತೊಡಗಿತು. ವ್ಯಾಸ, ದಪ್ಪ, ಕಾಲಿನ ತೂತು, ಮುಳ್ಳಿನ ಅಳತೆ, ಕೀಲಿಯ ಎತ್ತರ ಎಲ್ಲವೂ ಅವೇ. ಇಟಿಎಗೆ 25 ಜ್ಯೂವೆಲ್, ಇದಕ್ಕೆ 26. ಚೀನಾದ ಪ್ರತಿರೂಪ ಕಾಲು ಭಾಗದ ಬೆಲೆಗೆ ಸಿಗುತ್ತದೆ, ಕೆಲವು ಚೆನ್ನಾಗಿಯೂ ಓಡುತ್ತವೆ. ಕೈಯಲ್ಲಿ ಹಣ ಕಡಿಮೆಯಿದ್ದರೆ ನಾನು ಅದನ್ನು ಬೇಡವೆನ್ನುವುದಿಲ್ಲ. ನಾನು ಸೆಲಿಟಾ ಎಂದು ನಿರ್ಧರಿಸಿದೆ.

ಆದರೂ ಇಟಿಎಯ ಆಸೆ ಪೂರ್ತಿ ಬಿಟ್ಟಿರಲಿಲ್ಲ. ದೇಶದೊಳಗಿನ ಮಾರಾಟಗಾರರೊಬ್ಬರು ಹೊಸ 2824-2 ಎಂದು 14,000ಕ್ಕೆ ಕೊಡುವುದಾಗಿ ಹೇಳಿದರು. ಬ್ಯಾಲೆನ್ಸ್ ಕೆಳಗಿನ ಗುರುತಿನ ಚಿತ್ರ ಕಳುಹಿಸಿ ಎಂದೆ. ಎರಡು ದಿನ ಬಿಟ್ಟು ಬಂದ ಚಿತ್ರದಲ್ಲಿ ಆ ಜಾಗ ಬೋಳಾಗಿತ್ತು. ಮುಂದೆ ಮಾತಾಡಲಿಲ್ಲ. ಈ ಒಂದು ಚಿತ್ರವನ್ನು ಕೇಳದೆ ಯಾರೂ ಹಣ ಕಳುಹಿಸಬೇಡಿ.

ಸೆಪ್ಟೆಂಬರ್ ಕೊನೆಯಲ್ಲಿ ಯುರೋಪಿನ ಬಿಡಿಭಾಗದ ವ್ಯಾಪಾರಿಯೊಬ್ಬರಿಗೆ ಸೆಲಿಟಾ ಬೇಡಿಕೆ ಕಳುಹಿಸಿದೆ. ಸಾಗಣೆ ಸೇರಿ 18,600 ರೂಪಾಯಿ. ಇಲ್ಲೂ ಆರಿಸುವುದು ಮುಗಿದಿರಲಿಲ್ಲ. ಒಂದೇ ಎಸ್‌ಡಬ್ಲ್ಯು 200-1 ಹಲವು ದರ್ಜೆಗಳಲ್ಲಿ ಬರುತ್ತದೆ. ದರ್ಜೆ ಏರಿದಂತೆ ಹೆಚ್ಚು ಭಂಗಿಗಳಲ್ಲಿ (ಮಲಗಿಸಿ, ನಿಲ್ಲಿಸಿ) ಇಟ್ಟು ಸಮಯ ಹೊಂದಿಸಿರುತ್ತಾರೆ, ಬೆಲೆಯೂ ಏರುತ್ತದೆ. ಹಿರಿಯರ ಸಲಹೆಯಂತೆ ನಡುವಿನದನ್ನು ತೆಗೆದುಕೊಂಡೆ. ಉಳಿದದ್ದನ್ನು ಅವರು ಕೈಯಿಂದ ಹೊಂದಿಸುವವರಿದ್ದರು. ಮುಳ್ಳುಗಳು ಕೂರುವ ಕಂಬದ ಎತ್ತರದಲ್ಲೂ ಬೇರೆಬೇರೆ ಬಗೆಗಳಿವೆ. ದಪ್ಪ ಡಯಲಿಗೆ ಎತ್ತರದ್ದು, ತೆಳುವಿಗೆ ಗಿಡ್ಡದ್ದು. ತಪ್ಪಾಗಿ ಎತ್ತರದ್ದನ್ನು ತರಿಸಿದರೆ ಸೆಕೆಂಡಿನ ಮುಳ್ಳು ಗಾಜಿಗೆ ತಾಗುತ್ತದೆ. ಹಳೆಯ ಮಷೀನಿನ ಕಂಬವನ್ನು ಅಳೆದು ವ್ಯಾಪಾರಿಗೆ ಬರೆದದ್ದರಿಂದ ನಾವು ಅದರಿಂದ ಪಾರಾದೆವು.

ಪಾರಾಗದಿದ್ದದ್ದು ಕಸ್ಟಮ್ಸ್‌ನಿಂದ. ಕೊರಿಯರ್ ಸಂಸ್ಥೆ ಮೊದಲು ಆಧಾರ್ ಮತ್ತು ಪ್ಯಾನ್ ಕೇಳಿತು, ಕೊಟ್ಟೆ. ನಂತರ ಪೆಟ್ಟಿಗೆ ಅಲ್ಲಾಡಲಿಲ್ಲ. ಐದನೆಯ ದಿನ ತಿಳಿದದ್ದು: ಇನ್‌ವಾಯ್ಸ್‌ನಲ್ಲಿ ವ್ಯಾಪಾರಿ ಬರೀ "ಗಡಿಯಾರ" ಎಂದು ಬರೆದಿದ್ದರು, ಪೆಟ್ಟಿಗೆಯೊಳಗೆ ಗಡಿಯಾರ ಇರಲಿಲ್ಲ. ಕಸ್ಟಮ್ಸ್ ಪಟ್ಟಿಯಲ್ಲಿ ಕೈಗಡಿಯಾರಕ್ಕೆ ಒಂದು ಶೀರ್ಷಿಕೆ, ಪೂರ್ತಿ ಜೋಡಿಸಿದ ಮಷೀನಿಗೆ 9108 ಎಂಬ ಬೇರೆಯೇ ಶೀರ್ಷಿಕೆ. ವ್ಯಾಪಾರಿಯಿಂದ ತಿದ್ದಿದ ಇನ್‌ವಾಯ್ಸ್, ಬ್ಯಾಂಕಿನ ಪಾವತಿ ವಿವರ, ಸ್ವಂತ ಬಳಕೆಗೆ ಎಂಬ ನನ್ನ ಪತ್ರ, ಇಷ್ಟನ್ನೂ ಕಳುಹಿಸಿದ ಮೇಲೆ ಹನ್ನೊಂದನೆಯ ದಿನ ಬಿಡುಗಡೆಯಾಯಿತು. ಸುಂಕ, ತೆರಿಗೆ, ಕೊರಿಯರ್‌ನ ಸೇವಾಶುಲ್ಕ ಸೇರಿ 6,940. ಗೋದಾಮಿನಲ್ಲಿ ಉಳಿದದ್ದಕ್ಕೆ 850. ಸುಂಕವನ್ನು ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯ ವೆಚ್ಚವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ ಎಂಬುದು ನೆನಪಿರಲಿ. ಬೇಡಿಕೆ ಕಳುಹಿಸುವಾಗಲೇ ಇನ್‌ವಾಯ್ಸ್‌ನಲ್ಲಿ ಮಷೀನಿನ ಮಾದರಿ ಮತ್ತು ಈ ಸಂಖ್ಯೆಯನ್ನು ಬರೆಯಲು ಹೇಳಿ. ಆ ಹನ್ನೊಂದು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಡಿಸೆಂಬರಿನಲ್ಲಿ ಅಕ್ಕ ರಜೆಗೆ ಬರುವವಳಿದ್ದಳು, ಗಡಿಯಾರ ನಿಂತದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ.

ಪೆಟ್ಟಿಗೆಯೊಂದಿಗೆ ಬೆಂಗಳೂರಿಗೆ ಹೋದ ದಿನ ಹಿರಿಯರು ಸಂಜೆ ಬರಹೇಳಿದ್ದರು. ಹಗಲಿನ ಹೊತ್ತು ಜಾಲಹಳ್ಳಿಯ ಎಚ್‌ಎಂಟಿ ಪರಂಪರೆ ಸಂಗ್ರಹಾಲಯದಲ್ಲಿ ಕಳೆದೆ. ಜನತಾ, ಪೈಲಟ್, ಕಾಂಚನ ಎಂಬ ಹೆಸರುಗಳನ್ನು ಓದುತ್ತಾ ನಿಂತಾಗ ಒಂದು ಸಂಗತಿ ಮನಸ್ಸನ್ನು ಕಲಕಿತು. ಇಂಥದ್ದೇ ಮಷೀನನ್ನು ಈ ಊರಿನಲ್ಲೇ ಮಾಡುತ್ತಿದ್ದ ಕೈಗಳು ಇನ್ನೂ ಇವೆ, 2016ರಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನವಾಯಿತು, ನಾನು ಒಂದು ಮಷೀನಿಗಾಗಿ ವಿಮಾನ ನಿಲ್ದಾಣದ ಗೋದಾಮಿಗೆ ಪತ್ರ ಬರೆಯುತ್ತಿದ್ದೆ.

ಜೋಡಣೆಯಲ್ಲೂ ಎರಡು ತೊಡಕು ಬಂದವು. ಹೊಸ ಮಷೀನಿನ ತಾರೀಖಿನ ಬಳೆ ಬಿಳಿ ಬಣ್ಣದ್ದು, ಅಂಕಿ ಕಪ್ಪು. ನನ್ನದು ಕಪ್ಪು ಬಳೆ, ಬಿಳಿ ಅಂಕಿ. ಕಪ್ಪು ಡಯಲಿನ ನಡುವೆ ಬಿಳಿ ಚೌಕ ನೋಡಿ ನನಗೆ ಅಳು ಬರುವಂತಾಯಿತು. ಹಿರಿಯರು ಹಳೆಯ ಬಳೆಯನ್ನು ತೊಳೆದು ಒಣಗಿಸಿ ಹೊಸದರಲ್ಲಿ ಕೂರಿಸಿ ನೋಡಿದರು. ಕೂತಿತು. ಮೂವತ್ತೊಂದು ದಿನವನ್ನೂ ಒಂದೊಂದಾಗಿ ದಾಟಿಸಿ ಪರೀಕ್ಷಿಸಿದರು. 23ರ ಪಕ್ಕ ಮಾತ್ರ ತುಕ್ಕಿನ ಸಣ್ಣ ಕಂದು ಚುಕ್ಕೆ ಉಳಿದಿದೆ.

ಎರಡನೆಯದು ಕೀಲಿಯ ಕಡ್ಡಿ. ಹೊಸ ಮಷೀನಿನೊಂದಿಗೆ ಬರುವ ಕಡ್ಡಿ ಉದ್ದವಾಗಿರುತ್ತದೆ, ಕವಚಕ್ಕೆ ತಕ್ಕಂತೆ ಕತ್ತರಿಸಬೇಕು. ತಿರುಪು ಕೀಲಿಯೊಳಗೆ ಸ್ಪ್ರಿಂಗು ಇರುವುದರಿಂದ ಈ ಅಳತೆ ಇನ್ನೂ ನಾಜೂಕು. ಮೊದಲ ಸಲ ಕೂದಲೆಳೆಯಷ್ಟು ಗಿಡ್ಡವಾಯಿತು, ಕೀಲಿ ಬಿಗಿಯಾಗುತ್ತಿತ್ತು, ಆದರೆ ಸುತ್ತುತ್ತಿರಲಿಲ್ಲ. ಹಿರಿಯರು ತಮ್ಮ ತಪ್ಪನ್ನು ತಾವೇ ಹೇಳಿ, ಕಡ್ಡಿಯ ಹಣ ಬೇಡವೆಂದರು. ನಾನು 400 ಕೊಟ್ಟೆ. ಹೊಸ ಕಡ್ಡಿ ಬರಲು ಮತ್ತೆ ಎರಡು ವಾರ. ನಿಮ್ಮದು ತಿರುಪು ಕೀಲಿಯಾದರೆ ಮಷೀನಿನ ಜೊತೆಗೇ ಒಂದು ಹೆಚ್ಚುವರಿ ಕಡ್ಡಿ ತರಿಸಿಕೊಳ್ಳಿ.

ಮುಳ್ಳು ಕೂರಿಸುವುದನ್ನು ಉಸಿರು ಬಿಗಿಹಿಡಿದು ನೋಡಿದೆ. ಕೀಲಿಯನ್ನು ಎಳೆದು ನಿಧಾನವಾಗಿ ತಿರುಗಿಸುತ್ತಾರೆ, ತಾರೀಖು ಟಕ್ಕೆಂದು ಜಿಗಿದ ಕ್ಷಣ ನಿಲ್ಲಿಸುತ್ತಾರೆ, ಅದೇ ಸ್ಥಿತಿಯಲ್ಲಿ ಗಂಟೆ ನಿಮಿಷ ಎರಡೂ ಮುಳ್ಳನ್ನು ಹನ್ನೆರಡರ ಮೇಲೆ ಒತ್ತುತ್ತಾರೆ. ಇಲ್ಲವಾದರೆ ತಾರೀಖು ಬೇರೆ ಯಾವುದೋ ಹೊತ್ತಿನಲ್ಲಿ ಬದಲಾಗುತ್ತದೆ. ಹೊಸ ಗ್ಯಾಸ್ಕೆಟ್‌ಗಳನ್ನು ಹಾಕಿ, ಗಾಳಿಯ ಒತ್ತಡದಲ್ಲಿ ನೀರುತಡೆ ಪರೀಕ್ಷೆ ಮಾಡಿ, ಐದು ದಿನ ಬೇರೆ ಬೇರೆ ಭಂಗಿಯಲ್ಲಿಟ್ಟು ಬಡಿತ ಅಳೆಯುವ ಯಂತ್ರದಲ್ಲಿ ಹೊಂದಿಸಿದರು. ಈಗ ದಿನಕ್ಕೆ ಆರು ಸೆಕೆಂಡು ಮುಂದೆ ಹೋಗುತ್ತದೆ. ಅವರ ಕೂಲಿ 4,500.

ಒಟ್ಟು ಖರ್ಚು 32,770 ರೂಪಾಯಿ, ನಾಲ್ಕು ಸಲದ ರೈಲು ಪ್ರಯಾಣ ಬೇರೆ. ಸೇವಾ ಕೇಂದ್ರದ ಅಂದಾಜಿಗಿಂತ ಉಳಿದದ್ದು ಎಂಟೂವರೆ ಸಾವಿರ. ಹಣ ಉಳಿಸಲೆಂದೇ ಈ ದಾರಿ ಹಿಡಿಯುವುದಾದರೆ ಹಿಡಿಯಬೇಡಿ, ಅಲೆದಾಟಕ್ಕೆ ಅದು ಸಾಲದು. ಡಯಲ್ ಉಳಿಯಬೇಕೆಂಬ ಹಂಬಲವಿದ್ದರೆ ಮಾತ್ರ ಹಿಡಿಯಿರಿ.

ಹೊರಡುವಾಗ ಹಿರಿಯರು ಮೂರು ಮಾತು ಹೇಳಿದರು. ರಾತ್ರಿ ಒಂಬತ್ತರಿಂದ ಬೆಳಗಿನ ಮೂರರ ನಡುವೆ ತಾರೀಖನ್ನು ಕೈಯಿಂದ ಬದಲಿಸಬಾರದು, ಆಗ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಈ ಜಾತಿಯ ಮಷೀನಿಗೆ ದಿನವೂ ಕೈಯಿಂದ ಪೂರ್ತಿ ಕೀಲಿ ಕೊಟ್ಟರೆ ಚಕ್ರಗಳು ಸವೆಯುತ್ತವೆ. ನಿಂತಿದ್ದರೆ ಹದಿನೈದಿಪ್ಪತ್ತು ಸುತ್ತು ಕೊಟ್ಟು ಕೈಗೆ ಕಟ್ಟಿಕೊಳ್ಳುವುದು, ಉಳಿದದ್ದನ್ನು ಕೈಯ ಓಡಾಟ ನೋಡಿಕೊಳ್ಳುತ್ತದೆ. ಮೂರನೆಯದನ್ನು ಅವರು ಹೇಳುವ ಮೊದಲೇ ನಾನು ಕೀಲಿಯನ್ನು ತಿರುಗಿಸಿ ಬಿಗಿಯಾಗಿದೆಯೇ ಎಂದು ನೋಡುತ್ತಿದ್ದೆ. ಹಳೆಯ ಮಷೀನನ್ನು ಪುಟ್ಟ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು.

ಅಕ್ಕ ಇದೇ ಇಪ್ಪತ್ತಕ್ಕೆ ಬರುತ್ತಾಳೆ, ತಿಂಗಳ ಕೊನೆಯವರೆಗೂ ಇರುತ್ತಾಳೆ. 23ರ ಬೆಳಿಗ್ಗೆ ಕಿಟಕಿಯೊಳಗಿನ ಆ ಕಂದು ಚುಕ್ಕೆಯನ್ನು ತೋರಿಸಿ, ಆಗುಂಬೆಯ ಮಳೆಯಿಂದ ಶುರುಮಾಡಿ ಎಲ್ಲವನ್ನೂ ಅವಳಿಗೆ ಹೇಳಬೇಕು.